ಸುದ್ದಿಯ ದಾರಿ, ಅನ್ನದ ದಾರಿ

ಕೇಳುಗ ಬಂಧುಗಳಿಗೆ ನಮಸ್ಕಾರ. ಬೈತಖೋಲದಲ್ಲಿ ಬಲೆ ಸರಿಪಡಿಸುತ್ತಲೋ, ಶಿರಸಿಯ ಕಡೆ ಅಡಿಕೆ ಸುಲಿಯುತ್ತಲೋ ಈ ಮಾತು ಕೇಳುತ್ತಿರುವ ನಿಮಗೆ ಸುಡಾನ್ ಬಹು ದೂರದ ದೇಶವೆನಿಸಬಹುದು. ಅಲ್ಲಿ 2023ರ ಏಪ್ರಿಲ್ 15ರಂದು ಸೇನೆಗೂ ಅರೆಸೇನಾಪಡೆಗೂ ಯುದ್ಧ ಹೊತ್ತಿಕೊಂಡಿತು. ಕೋಟಿಗೂ ಮಿಕ್ಕಿ ಜನ ಮನೆಮಠ ಕಳೆದುಕೊಂಡರು. ನಾನು ಹೇಳಬೇಕಾದದ್ದು ಒಂದೇ ಮಾತು: ಸುದ್ದಿ ಬರುವ ದಾರಿ ಮುಚ್ಚಿದಲ್ಲಿ ಅನ್ನ ಹೋಗುವ ದಾರಿಯೂ ಮುಚ್ಚುತ್ತದೆ.

ಇದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿಯಿದೆ. 1943ರಲ್ಲಿ ಬರ್ಮಾದ ಅಕ್ಕಿ ನಿಂತು, ಬೆಲೆ ಕೈಗೆಟುಕದಂತಾಗಿ, ಬಂಗಾಳದ ಹಳ್ಳಿಗಳ ಕೂಲಿಕಾರರು ಕಲ್ಕತ್ತಕ್ಕೆ ನಡೆದುಬಂದು ಅಲ್ಲಿಯ ಬೀದಿಗಳಲ್ಲಿ ಸಾಯುತ್ತಿದ್ದರು. ಯುದ್ಧಕಾಲದ ನಿರ್ಬಂಧಗಳಿಂದಾಗಿ ಪತ್ರಿಕೆಗಳು ಇದನ್ನು ಬರೆಯುವುದೇ ಕಷ್ಟವಾಗಿತ್ತು. 'ಸ್ಟೇಟ್ಸ್‌ಮನ್' ಪತ್ರಿಕೆಯ ಸಂಪಾದಕ ಇಯಾನ್ ಸ್ಟೀಫನ್ಸ್ ಸ್ವತಃ ಆಂಗ್ಲರು. ನಿಯಮಗಳಲ್ಲಿ ಛಾಯಾಚಿತ್ರಗಳ ಮಾತಿಲ್ಲವೆಂಬುದನ್ನು ಗಮನಿಸಿದ ಅವರು ಛಾಯಾಗ್ರಾಹಕರನ್ನು ಬೀದಿಗೆ ಕಳುಹಿಸಿ, ಆಗಸ್ಟ್ 22ರ ಭಾನುವಾರ, ಎಲುಬು ಎಣಿಸಬಹುದಾದಂತಿದ್ದ ತಾಯಿ ಮಕ್ಕಳ ಚಿತ್ರಗಳನ್ನು ಅಚ್ಚುಹಾಕಿದರು. ದೆಹಲಿ, ಲಂಡನ್ನುಗಳಿಗೆ ಇನ್ನು ಕಣ್ಣು ಮುಚ್ಚಿಕೊಳ್ಳುವುದು ಸಾಧ್ಯವಾಗಲಿಲ್ಲ. ಅಕ್ಟೋಬರಿನಲ್ಲಿ ಹೊಸ ವೈಸರಾಯ್ ವೇವೆಲ್ ಕಲ್ಕತ್ತಕ್ಕೆ ಬಂದು, ಧಾನ್ಯ ಹಂಚಲು ಸೈನ್ಯವನ್ನೇ ಇಳಿಸಿದರು. ಆ ಕ್ಷಾಮ ತೆಗೆದುಕೊಂಡ ಜೀವಗಳು ಸುಮಾರು 30 ಲಕ್ಷ. ಆ ಚಿತ್ರಗಳು ನಾಲ್ಕು ತಿಂಗಳು ಮೊದಲೇ ಬಂದಿದ್ದರೆ ಎಷ್ಟು ಜನ ಬದುಕುತ್ತಿದ್ದರೋ! ಬಾಲಕನಾಗಿ ಆ ಕ್ಷಾಮವನ್ನು ಕಂಡ ಅಮರ್ತ್ಯ ಸೆನ್, ಪ್ರಜಾಪ್ರಭುತ್ವವೂ ಸ್ವತಂತ್ರ ಪತ್ರಿಕೆಗಳೂ ಇರುವ ದೇಶದಲ್ಲಿ ದೊಡ್ಡ ಕ್ಷಾಮ ಸಂಭವಿಸುವುದಿಲ್ಲವೆಂದು ಮುಂದೆ ವಾದಿಸಿದರು.

'ಮೊದಲು ನೆರವು ಹೋಗಲಿ, ಸುದ್ದಿ ಆಮೇಲೆ' ಎನ್ನುವವರ ಮಾತನ್ನು, ದಯವಿಟ್ಟು ಕ್ಷಮಿಸಿ, ನಾನು ಒಪ್ಪಲಾರೆ. ಶಿರೂರಿನಲ್ಲಿ ಗುಡ್ಡ ಕುಸಿದಾಗ ಗಂಗಾವಳಿಯ ದಡದಲ್ಲಿ ವರದಿಗಾರರು ಮಳೆಯಲ್ಲಿ ನಿಂತಿದ್ದರಿಂದಲ್ಲವೇ ಶೋಧಕಾರ್ಯದ ವಿವರ ನಿಮ್ಮ ಮನೆಗೆ ತಲುಪಿದ್ದು?

ಸಮಯ ಕಡಿಮೆಯಿದೆ, ಸುಡಾನಿನ ಮಾತು ಮುಗಿಸುತ್ತೇನೆ. 2024ರ ಫೆಬ್ರವರಿಯಲ್ಲಿ ಆ ದೇಶದ ಬಹುಭಾಗದಲ್ಲಿ ಇಂಟರ್‌ನೆಟ್ ಕಡಿದುಹೋಯಿತು. ಆಗಸ್ಟಿನಲ್ಲಿ ದಾರ್ಫುರದ ಝಮ್‌ಝಮ್ ನಿರಾಶ್ರಿತರ ಶಿಬಿರದಲ್ಲಿ ಕ್ಷಾಮವಿರುವುದು ದೃಢಪಟ್ಟಿತು. ನೆದರ್ಲೆಂಡ್ಸ್‌ನಿಂದ ಕೆಲಸ ಮಾಡುವ ಸುಡಾನಿ ಪತ್ರಕರ್ತರ ರೇಡಿಯೋ ದಬಂಗಾ ಇಂದಿಗೂ ಶಾರ್ಟ್‌ವೇವ್‌ನಲ್ಲಿ ಅಲ್ಲಿಯವರಿಗೆ ಸುದ್ದಿ ತಲುಪಿಸುತ್ತಿದೆ. ಧಾನ್ಯದ ಲಾರಿಗಳಿಗೆ ದಾರಿ ಬಿಡಿ ಎಂದು ರಾಷ್ಟ್ರಗಳು ಕೇಳುವಾಗ, ಅದೇ ಪತ್ರದಲ್ಲಿ, ಅದೇ ಸಾಲಿನಲ್ಲಿ, ವರದಿಗಾರರಿಗೂ ದಾರಿ ಬಿಡಿ ಎಂದು ಕೇಳಬೇಕು. ನಮಸ್ಕಾರ.