ಚಂದ್ರನನ್ನು ಹಿಂಬಾಲಿಸಿದರೆ ಗ್ರಹಗಳು ಸಿಗುತ್ತವೆ

ನಮಸ್ಕಾರ. ಪರದೆಯ ಮೇಲೆ ಕಾಣುತ್ತಿರುವುದು ತದಿಗೆಯ ಚಂದ್ರ. ಕತ್ತಲಿನ ಭಾಗವೂ ಮಸುಕಾಗಿ ತೋರುತ್ತಿದೆಯಲ್ಲ, ಅದು ಭೂಮಿಗೆ ಬಿದ್ದು ಅಲ್ಲಿಗೆ ಪ್ರತಿಫಲಿಸಿದ ಬಿಸಿಲು. ಗ್ರಹಗಳನ್ನು ಗುರುತಿಸಲು ಆಪ್ ಇಲ್ಲದೆ ಆಗುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆಗಸದಲ್ಲಿ ಸೂರ್ಯ ಸಾಗುವ ದಾರಿಯೇ ಕ್ರಾಂತಿವೃತ್ತ, ಗ್ರಹಗಳೂ ಅದರ ಆಸುಪಾಸಿನಲ್ಲೇ ಇರುತ್ತವೆ. ಚಂದ್ರನ ಕಕ್ಷೆ ಅದಕ್ಕೆ ಸುಮಾರು 5 ಡಿಗ್ರಿಯಷ್ಟೇ ಓರೆಯಾಗಿರುವುದರಿಂದ, ದಿನಕ್ಕೆ 13 ಡಿಗ್ರಿಯಂತೆ ಪೂರ್ವಕ್ಕೆ ಸರಿಯುತ್ತಾ 27 ದಿನ ಚಿಲ್ಲರೆಯಲ್ಲಿ ಆಗಸವನ್ನು ಸುತ್ತಿ ಬರುವ ಅವನು ಪ್ರತಿಯೊಂದು ಗ್ರಹದ ಆಸುಪಾಸಿನಲ್ಲೂ ಹಾದುಹೋಗಲೇಬೇಕು. ಅವನ ಪಕ್ಕದಲ್ಲಿ ಮಿನುಗದೆ ಸ್ಥಿರವಾಗಿ ಬೆಳಗುವ ಚುಕ್ಕಿ ಕಂಡರೆ, ಅದು ಗ್ರಹವಾಗಿರುವ ಸಂಭವವೇ ಹೆಚ್ಚು.

ಇದು ಅಷ್ಟಮಿ ಕಳೆದ ಮೇಲಿನ ದೃಶ್ಯ. ಬೆಳಕು ಮತ್ತು ಕತ್ತಲೆಯ ಗಡಿ ಕೋಪರ್ನಿಕಸ್ ಕುಳಿಯನ್ನು ಈಗಷ್ಟೇ ದಾಟಿದೆ. 93 ಕಿಲೋಮೀಟರ್ ಅಗಲದ ಆ ಕುಳಿಯ ತಳ ಇನ್ನೂ ನೆರಳಿನಲ್ಲಿರುವಾಗಲೇ ಅಂಚಿನ ಗೋಡೆಗೆ ಬಿಸಿಲು ತಾಗಿ, ಮೆಟ್ಟಿಲು ಮೆಟ್ಟಿಲಾಗಿ ಕುಸಿದ ಒಳಬದಿ ಎದ್ದು ಕಾಣುತ್ತಿದೆ. ಇದರ ಮುಂದೆ ಹುಣ್ಣಿಮೆಯ ಚಂದ್ರ ತೀರಾ ಸಪ್ಪೆ, ಅಲ್ಲಿ ನೆರಳೇ ಇರುವುದಿಲ್ಲ. ಆದರೂ ಟೈಕೋ ಕುಳಿಯಿಂದ ಚಿಮ್ಮಿದ ಬಿಳಿಯ ಪಟ್ಟೆಗಳು ಸ್ಪಷ್ಟವಾಗಿ ಕಾಣುವುದು ಹುಣ್ಣಿಮೆಯಲ್ಲೇ ಆದ್ದರಿಂದ, ಅದನ್ನೂ ಬಿಡಬಾರದು ಎಂದೇ ಹೇಳುತ್ತೇನೆ.

ಇಲ್ಲಿಂದ ಚಿತ್ರ ಮಂಕಾಗುತ್ತಾ ಹೋಗುವುದನ್ನು ಗಮನಿಸಿ. ಇದು ಮೋಡವಲ್ಲ, ದೂರದರ್ಶಕದ ಮುಂದಿನ ಮಸೂರದ ಮೇಲೆ ಕುಳಿತ ಇಬ್ಬನಿ. ರಾತ್ರಿಯ ವೀಕ್ಷಣೆಯಲ್ಲಿ ಇದರಷ್ಟು ಕಿರಿಕಿರಿ ಬೇರೊಂದಿಲ್ಲ. ನಿರಭ್ರ ಆಕಾಶಕ್ಕೆ ಮುಖ ಮಾಡಿದ ಗಾಜು ತನ್ನ ಶಾಖವನ್ನು ಮೇಲಕ್ಕೆ ಸೂಸುತ್ತಾ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ, ಆಗ ಗಾಳಿಯಲ್ಲಿರುವ ತೇವ ಅದರ ಮೇಲೆ ಹನಿಗಟ್ಟುತ್ತದೆ. ಅಂದರೆ ಆಗಸ ತಿಳಿಯಾದಷ್ಟೂ ತೊಂದರೆ ಜಾಸ್ತಿ! ಬಟ್ಟೆಯಿಂದ ಒರೆಸಲೇಬೇಡಿ, ಹನಿಯ ಜೊತೆಗಿರುವ ದೂಳು ಮಸೂರದ ಲೇಪನವನ್ನು ಗೀರುತ್ತದೆ, ಒರೆಸಿದ ಕೆಲವೇ ನಿಮಿಷಗಳಲ್ಲಿ ಇಬ್ಬನಿ ಮತ್ತೆ ಕೂರುತ್ತದೆ. ಹೇರ್ ಡ್ರೈಯರ್‌ನ ಹದವಾದ ಬಿಸಿಗಾಳಿಯಲ್ಲಿ ಆರಿಸಿ, ಮಸೂರದ ಅಗಲದ ಒಂದೂವರೆ ಪಟ್ಟಾದರೂ ಉದ್ದವಿರುವ ಕಪ್ಪು ಹಾಳೆಯ ಕೊಳವೆಯನ್ನು ಮುಂದಕ್ಕೆ ಚಾಚುವಂತೆ ಸುತ್ತಿದ ಮೇಲೆಯೇ ಚಿತ್ರ ತಿಳಿಯಾಯಿತು. ದುಬಾರಿ ನೇತ್ರಮಸೂರ (ಕಣ್ಣಿಟ್ಟು ನೋಡುವ ತುದಿಯ ಮಸೂರ) ಕೊಳ್ಳುವ ಮೊದಲು ಈ ಕೊಳವೆಯನ್ನು ಮಾಡಿಕೊಳ್ಳಿ.

ಬನ್ನಿ, ಶನಿ ಚೌಕಟ್ಟಿನಿಂದ ಜಾರುತ್ತಿದೆ. 2025ರ ಮಾರ್ಚ್‌ನಲ್ಲಿ ಅಂಚು ಮಾತ್ರ ನಮ್ಮತ್ತ ತಿರುಗಿದ್ದ ಅದರ ಉಂಗುರಗಳು ಮತ್ತೆ ತೆರೆದುಕೊಳ್ಳುತ್ತಿವೆ. ಪೂರ್ವದಲ್ಲಿ ಗುರು ಈಗಷ್ಟೇ ಮೂಡಿದೆ. 1610ರಲ್ಲಿ ಗೆಲಿಲಿಯೋ ಗುರುತಿಸಿದ ನಾಲ್ಕು ಉಪಗ್ರಹಗಳಲ್ಲಿ ಅಯೋ ಸುಮಾರು 42 ಗಂಟೆಗಳಲ್ಲೇ ಒಂದು ಸುತ್ತು ಮುಗಿಸುವುದರಿಂದ, ಒಂದೇ ರಾತ್ರಿಯಲ್ಲಿ ಅದರ ಚಲನೆ ಕಣ್ಣಿಗೆ ಬೀಳುತ್ತದೆ. ಆದರೆ ದಿಗಂತದ ಬಳಿ ವಾಯುಮಂಡಲದ ಹೊದಿಕೆ ದಪ್ಪವಾಗಿರುವುದರಿಂದ ಬಿಂಬ ಕದಡುತ್ತಿದೆ. ಗುರು 30 ಡಿಗ್ರಿಯಾದರೂ ಮೇಲೇರಿದ ಬಳಿಕ ಕ್ಯಾಮೆರಾ ಮತ್ತೆ ಹಚ್ಚುತ್ತೇನೆ.