ಬಾಂದೋಲ್‌ನ ಒಗರು: ತಾಂಪಿಯೇ ಮನೆತನದ ಕೆಂಪು ವೈನ್

ಕೇಳುಗರೇ, ನಮಸ್ಕಾರ.

1936ರಲ್ಲಿ ಫ್ರಾನ್ಸಿನ ದಕ್ಷಿಣ ಸೀಮೆಯಾದ ಪ್ರೊವಾನ್ಸ್‌ನಲ್ಲಿ ಒಂದು ಮದುವೆ ನಡೆಯಿತು. ಹುಡುಗಿ, ಮಾರ್ಸೇಯ್ ಪಟ್ಟಣದಲ್ಲಿ ತೊಗಲಿನ ವ್ಯಾಪಾರ ಮಾಡುತ್ತಿದ್ದ ಆಲ್ಫೋಂಸ್ ತಾಂಪಿಯೇ ಎಂಬವರ ಮಗಳು ಲೂಸಿ; ಎಲ್ಲರ ಬಾಯಲ್ಲೂ ಅವಳು ಲುಲು. ಹುಡುಗ, ಕೃಷಿಶಾಸ್ತ್ರ ಓದಿಕೊಂಡಿದ್ದ ಲೂಸಿಯಾಂ ಪೇರೋ. ಆ ದಿನಗಳಲ್ಲಿ ಮಾವ ಅಳಿಯನಿಗೆ ತಮ್ಮ ಮನೆತನದ ತೋಟದ ಒಂದು ಹಳೆಯ ಬಾಟಲಿಯನ್ನು ತೆರೆದು ಬಡಿಸಿದರು. ಅದು ಹತ್ತೊಂಬತ್ತನೆಯ ಶತಮಾನದಲ್ಲಿ ದ್ರಾಕ್ಷಿ ತೋಟಗಳನ್ನು ಬಲಿತೆಗೆದುಕೊಂಡ ಕೀಟದ ಪಿಡುಗು ಬರುವುದಕ್ಕೆ ಮುಂಚೆ ತಯಾರಾಗಿದ್ದ ಕೆಂಪು ವೈನ್. ಅಷ್ಟು ವರ್ಷ ಕಳೆದ ಮೇಲೂ ಅದು ಕೆಟ್ಟಿರಲಿಲ್ಲ ಎಂಬುದಷ್ಟೇ ಆಗಿದ್ದರೆ ಅಳಿಯ ಮೆಚ್ಚಿ ಸುಮ್ಮನಾಗುತ್ತಿದ್ದನೇನೋ. ಅದರಲ್ಲಿ ಇನ್ನೂ ಜೀವವಿತ್ತು. ತೋಟದಲ್ಲಿ ಆಗ ಬೆಳೆಯುತ್ತಿದ್ದ ದ್ರಾಕ್ಷಿಯಿಂದ ಅಂಥ ರುಚಿ ಬರುತ್ತಿರಲಿಲ್ಲ. ಈ ರುಚಿ ಎಲ್ಲಿಂದ ಬಂತು, ಎಲ್ಲಿ ಹೋಯಿತು ಎಂದು ಹುಡುಕುವುದರಲ್ಲೇ ಆ ಯುವಕನ ಉಳಿದ ಆಯುಷ್ಯವೆಲ್ಲ ಕಳೆಯಿತು.

ಆ ತೋಟದ ಹೆಸರು ದೊಮೇನ್ ತಾಂಪಿಯೇ. 1834ರಿಂದಲೂ ಅದು ಒಂದೇ ಮನೆತನದ ಕೈಯಲ್ಲಿದೆ. ಮಾರ್ಸೇಯ್ ಮತ್ತು ತುಲೋಂ ಪಟ್ಟಣಗಳ ನಡುವೆ, ಮೆಡಿಟರೇನಿಯನ್ ಕಡಲಿನತ್ತ ಮುಖ ಮಾಡಿ ಅರ್ಧಚಂದ್ರಾಕಾರವಾಗಿ ನಿಂತ ಬೆಟ್ಟಗಳ ಮಡಿಲಲ್ಲಿ, ಬಾಂದೋಲ್ ಎಂಬ ಸಣ್ಣ ಬಂದರಿನ ಹಿಂದೆ ಎಂಟು ಊರುಗಳ ಸೀಮೆಯೊಂದಿದೆ. ಅಲ್ಲಿನ ಲ ಕಾಸ್ತೆಲೆ ಎಂಬ ಬೆಟ್ಟದ ಊರಿನ ಕೆಳಗಿನ ಬಯಲಿನಲ್ಲಿ ಈ ಮನೆ, ಈ ತೋಟ. ಬೆಟ್ಟದ ಇಳಿಜಾರಿಗೆ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಮೆಟ್ಟಿಲು ಗದ್ದೆಗಳಂಥ ಅಂಕಣಗಳಿವೆ. ಅಲ್ಲಿಯ ಜನ ಅವನ್ನು ರೆಸ್ಟಾಂಕ್ ಎನ್ನುತ್ತಾರೆ. ಮಳೆ ಬಂದಾಗ ಮಣ್ಣು ಕೊಚ್ಚಿಹೋಗದಂತೆ ತಡೆಯುವುದೂ ಈ ಗೋಡೆಗಳೇ, ಟ್ರ್ಯಾಕ್ಟರನ್ನು ತೋಟದಿಂದ ಆಚೆಗೆ ಇಡುವುದೂ ಈ ಗೋಡೆಗಳೇ. ಇವುಗಳ ದುರಸ್ತಿಗೆ ಕೊನೆಯೆಂಬುದಿಲ್ಲ.

ಹಿಂದಿನ ಕಾಲದಲ್ಲಿ ಬಾಂದೋಲ್ ಬಂದರಿನಿಂದ ಹಡಗೇರುತ್ತಿದ್ದ ವೈನ್ ಪೀಪಾಯಿಗಳ ಮೇಲೆ ಊರಿನ ಹೆಸರಿನ ಮೊದಲ ಅಕ್ಷರವನ್ನು ಕಾಯಿಸಿದ ಕಬ್ಬಿಣದಿಂದ ಒತ್ತುತ್ತಿದ್ದರು. ವಾರಗಟ್ಟಲೆ ಕಡಲಿನ ಮೇಲೆ ತೂಗಾಡಿದರೂ ಹುಳಿಯಾಗದೆ, ಬದಲಿಗೆ ಇನ್ನಷ್ಟು ಹದಗೊಂಡು ದಡ ಸೇರುವ ವೈನ್ ಎಂದು ಅದಕ್ಕೆ ಹೆಸರಿತ್ತು. ಆ ಬಾಳಿಕೆಯ ಗುಟ್ಟು ಒಂದು ದ್ರಾಕ್ಷಿ ತಳಿಯಲ್ಲಿತ್ತು. ಅದರ ಹೆಸರು ಮೂರ್ವೆದ್ರ್.

ಮೂರ್ವೆದ್ರ್ ಸ್ವಲ್ಪ ಹಟಮಾರಿ ತಳಿ. ಸ್ಪೇನ್ ದೇಶದಲ್ಲಿ ಇದನ್ನೇ ಮೊನಾಸ್ಟ್ರೆಲ್ ಎಂದು ಕರೆಯುತ್ತಾರೆ. ಉಳಿದ ಬಳ್ಳಿಗಳು ಚಿಗುರಿದ ಮೇಲೆ ಇದು ಚಿಗುರುತ್ತದೆ, ಉಳಿದವು ಹಣ್ಣಾದ ಮೇಲೆ ಹಣ್ಣಾಗುತ್ತದೆ. ಕಾಳು ಚಿಕ್ಕದು, ಸಿಪ್ಪೆ ದಪ್ಪ, ರಸ ಕಡಿಮೆ. ಬಿಸಿಲು ಸಾಲದಿದ್ದರೆ ಹಣ್ಣು ಮಾಗುವುದೇ ಇಲ್ಲ, ಬೇರಿಗೆ ತೇವ ಸಾಲದಿದ್ದರೆ ಬಳ್ಳಿ ಸೊರಗುತ್ತದೆ. ತಲೆ ಬಿಸಿಲಿನಲ್ಲಿರಬೇಕು, ಕಾಲು ನೀರಿನಲ್ಲಿರಬೇಕು ಎಂದು ಅಲ್ಲಿನ ಬೆಳೆಗಾರರು ಇದರ ಬಗ್ಗೆ ಹೇಳುವುದುಂಟು. ಬಾಂದೋಲ್ ಸೀಮೆಯಲ್ಲಿ ಈ ಎರಡೂ ಒದಗಿಬರುತ್ತವೆ. ಬಿಸಿಲು ವರ್ಷಕ್ಕೆ ಹೆಚ್ಚುಕಡಿಮೆ 3000 ಗಂಟೆ. ಸುಣ್ಣಕಲ್ಲು ಬೆರೆತ ಜೇಡಿಮಣ್ಣು ಆಳದಲ್ಲಿ ತೇವವನ್ನು ಹಿಡಿದಿಡುತ್ತದೆ. ಕಡಲಗಾಳಿ ಬೇಸಿಗೆಯ ಉರಿಯನ್ನು ತಗ್ಗಿಸುತ್ತದೆ. ಉತ್ತರದಿಂದ ನುಗ್ಗುವ ಮಿಸ್ತ್ರಾಲ್ ಎಂಬ ಒಣಗಾಳಿ ಗೊಂಚಲಿನ ಮೇಲಿನ ತೇವವನ್ನು ಆರಿಸಿ ಬೂಷ್ಟು ಹಿಡಿಯದಂತೆ ಕಾಯುತ್ತದೆ.

ಇಂಥ ತಳಿ ತನ್ನ ನೆಲದಿಂದಲೇ ಮಾಯವಾದದ್ದು ಹೇಗೆ? 1860ರ ದಶಕದಲ್ಲಿ ಅಮೆರಿಕದಿಂದ ಬಂದ ಬಳ್ಳಿಗಳ ಜೊತೆ ಫಿಲೊಕ್ಸೆರಾ ಎಂಬ ಕಣ್ಣಿಗೆ ಕಾಣುವುದೇ ಕಷ್ಟವೆನ್ನುವಷ್ಟು ಚಿಕ್ಕ ಕೀಟವೊಂದು ಫ್ರಾನ್ಸಿಗೆ ಬಂತು. ಅದು ಬೇರಿನ ರಸ ಹೀರುತ್ತದೆ; ಮೇಲೆ ಎಲೆ ಬಾಡುವ ಹೊತ್ತಿಗೆ ಕೆಳಗೆ ಬೇರು ಕೊಳೆತಿರುತ್ತದೆ. 1868ರಲ್ಲಿ ಮೋಂಪೆಲಿಯೇ ನಗರದ ಸಸ್ಯವಿಜ್ಞಾನಿ ಪ್ಲಾಂಶೋಂ ಮತ್ತು ಅವರ ಸಂಗಡಿಗರು ಬಾಡಿದ ಬಳ್ಳಿಯ ಬೇರನ್ನು ಅಗೆದು ನೋಡಿ ಅಪರಾಧಿಯನ್ನು ಗುರುತಿಸಿದರು. ಪರಿಹಾರ ಸಿಕ್ಕಿದ್ದೂ ಅಮೆರಿಕದಲ್ಲೇ. ಅಲ್ಲಿಯ ಕಾಡು ದ್ರಾಕ್ಷಿಯ ಬೇರು ಈ ಕೀಟವನ್ನು ತಾಳಿಕೊಳ್ಳುತ್ತಿತ್ತು. ಆ ಬೇರಿನ ಮೇಲೆ ಫ್ರಾನ್ಸಿನ ಕಡ್ಡಿಯನ್ನು, ನಾವು ಮಾವಿಗೆ ಮಾಡುವಂತೆ, ಕಸಿ ಕಟ್ಟಬೇಕಾಯಿತು. ಆದರೆ ಮೂರ್ವೆದ್ರ್ ಆ ಮೊದಲ ಬೇರುಗಳಿಗೆ ಸುಲಭವಾಗಿ ಒಗ್ಗಲಿಲ್ಲ. ಕಸಿ ಕೂಡದ ಮೇಲೆ ಬೆಳೆಗಾರ ಎಷ್ಟು ವರ್ಷ ಕಾಯಬಲ್ಲ? ಬೇಗ ಬೆಳೆದು ಹೆಚ್ಚು ಇಳುವರಿ ಕೊಡುವ ತಳಿಗಳನ್ನು ನೆಟ್ಟ. ಅದರಲ್ಲಿ ಅವನ ತಪ್ಪೇನೂ ಇರಲಿಲ್ಲ. ಹೀಗೆ ಬಾಂದೋಲ್ ಎಂಬ ಹೆಸರು ಉಳಿಯಿತು, ಅದರ ರುಚಿ ಹೋಯಿತು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ನಮ್ಮ ಚಿಕ್ಕಬಳ್ಳಾಪುರ, ದೇವನಹಳ್ಳಿ ಕಡೆ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಯನ್ನು ನೀವೆಲ್ಲ ತಿಂದಿದ್ದೀರಿ. ಬಾಯಿಗಿಟ್ಟ ಕೂಡಲೇ ಸಿಪ್ಪೆಯಿಂದ ತಿರುಳು ಜಾರಿಕೊಳ್ಳುವ, ಬುಟ್ಟಿ ಇನ್ನೂ ದೂರವಿರುವಾಗಲೇ ಮೂಗಿಗೆ ಬಡಿಯುವ ಘಮದ ಆ ಹಣ್ಣು ಅಮೆರಿಕದ ದ್ರಾಕ್ಷಿಯ ವಂಶದ್ದು. ಇಸಬೆಲ್ಲಾ ಎಂಬ ತಳಿಯೇ ಇದು ಎಂದು ತೋಟಗಾರಿಕೆಯವರು ಗುರುತಿಸುತ್ತಾರೆ. ಫಿಲೊಕ್ಸೆರಾ ಹಾವಳಿಯ ನಂತರ ಫ್ರಾನ್ಸಿನ ಬಡ ರೈತರು ಕಸಿಯ ರಗಳೆಯೇ ಬೇಡವೆಂದು ಇಸಬೆಲ್ಲಾದಂಥ ಬಳ್ಳಿಗಳನ್ನು ನೇರವಾಗಿ ನೆಟ್ಟುಕೊಂಡಿದ್ದರು. 1930ರ ದಶಕದಲ್ಲಿ ಅಲ್ಲಿಯ ಸರ್ಕಾರ ಅಂಥ ಆರು ತಳಿಗಳನ್ನು ನಿಷೇಧಿಸಿತು, ಇಸಬೆಲ್ಲಾ ಅವುಗಳಲ್ಲೊಂದು. ಅಲ್ಲಿ ಹೊರಹಾಕಿಸಿಕೊಂಡ ಹಣ್ಣು ಇಲ್ಲಿ ಭೌಗೋಳಿಕ ಸೂಚಿಯ, ಎಂದರೆ ಊರಿನ ಹೆಸರನ್ನು ಆ ಸೀಮೆಯ ಬೆಳೆಗೇ ಮೀಸಲಿಡುವ ಮಾನ್ಯತೆ ಪಡೆದಿದೆ.

ಮತ್ತೆ ಬಾಂದೋಲ್‌ಗೆ ಬರೋಣ. ಅಳಿಯ ಪೇರೋ ಊರಿನ ಹಿರಿಯರನ್ನು ಕೇಳಿ, ಹಳೆಯ ತೋಟಗಳನ್ನು ಸುತ್ತಿ, ಮಾವನ ಬಾಟಲಿಯ ರುಚಿಗೆ ಕಾರಣ ಮೂರ್ವೆದ್ರ್ ಎಂದು ಕಂಡುಕೊಂಡರು. 1940ರಲ್ಲಿ, ಯುದ್ಧದ ನಡುವೆ, ದಂಪತಿ ತಾಂಪಿಯೇ ತೋಟದ ಮನೆಗೆ ಬಂದು ನೆಲೆಸಿದರು. ತಮ್ಮ ತೋಟದಲ್ಲಿ ಮೂರ್ವೆದ್ರ್ ಕಸಿ ಕಟ್ಟಿ ನೆಡುವುದರ ಜೊತೆಗೆ ಪೇರೋ ಇನ್ನೊಂದು ಕೆಲಸಕ್ಕೂ ಕೈ ಹಾಕಿದರು; ನನ್ನ ದೃಷ್ಟಿಯಲ್ಲಿ ಅದು ತೋಟಕ್ಕಿಂತ ದೊಡ್ಡದು. ಒಂದು ಮನೆಯ ನಾಲಗೆಗೆ ಹತ್ತಿದ ರುಚಿಯನ್ನು ಅವರು ಇಡೀ ಸೀಮೆಯ ಕಾನೂನಾಗಿ ಮಾಡಿದರು. ನೆರೆಹೊರೆಯ ಕೆಲವು ಬೆಳೆಗಾರರ ಜೊತೆ ಸೇರಿ ಅವರು ಪಟ್ಟ ಪ್ರಯತ್ನದಿಂದಾಗಿ 1941ರ ನವೆಂಬರ್ 11ರಂದು ಬಾಂದೋಲ್ ಎಂಬ ಹೆಸರಿಗೆ ಸರ್ಕಾರದ ಮೂಲಸ್ಥಾನ ಮನ್ನಣೆ ದೊರೆಯಿತು. ಶುರುವಿನಲ್ಲಿ ಕೆಂಪು ವೈನಿನಲ್ಲಿ ಇರಲೇಬೇಕಾದ ಮೂರ್ವೆದ್ರ್ ಪಾಲು ಬಹಳ ಕಡಿಮೆಯಿತ್ತು, ಏಕೆಂದರೆ ಸೀಮೆಯಲ್ಲಿ ಅಷ್ಟು ಬಳ್ಳಿಗಳೇ ಇರಲಿಲ್ಲ. ಬೆಳೆಗಾರರ ಸಂಘದ ಮುಂದಾಳಾಗಿ ಪೇರೋ ಆ ಪಾಲನ್ನು ದಶಕಗಳ ಕಾಲ ಮೆಲ್ಲಮೆಲ್ಲನೆ ಏರಿಸುತ್ತಾ ಹೋದರು. ಇಂದು ಅದು ಕನಿಷ್ಠ ಅರ್ಧ; ಉಳಿದದ್ದಕ್ಕೆ ಮುಖ್ಯವಾಗಿ ಗ್ರೆನಾಶ್ ಮತ್ತು ಸಾಂಸೋ ಎಂಬ ತಳಿಗಳನ್ನು ಬೆರೆಸುತ್ತಾರೆ.

ನಮ್ಮ ಭೌಗೋಳಿಕ ಸೂಚಿ ಹೆಚ್ಚಾಗಿ ಹೆಸರನ್ನು ಕಾಯುತ್ತದೆ. ಫ್ರಾನ್ಸಿನ ಈ ಮನ್ನಣೆ ರೈತನ ಕೈಯನ್ನೇ ಹಿಡಿದುಕೊಳ್ಳುತ್ತದೆ. ಬಾಂದೋಲ್‌ನಲ್ಲಿ ಹಣ್ಣನ್ನು ಯಂತ್ರದಿಂದ ಕೊಯ್ಯುವಂತಿಲ್ಲ. ಒಂದು ಹೆಕ್ಟೇರಿಗೆ 40 ಹೆಕ್ಟೋಲೀಟರ್, ಎಂದರೆ 4000 ಲೀಟರಿಗಿಂತ ಹೆಚ್ಚು ಇಳುವರಿ ತೆಗೆಯಬಾರದು. ಬಳ್ಳಿಗಳ ಸಂಖ್ಯೆಯಿಂದ ಭಾಗಿಸಿ ನೋಡಿದರೆ ಒಂದು ಬಳ್ಳಿಗೆ ಹೆಚ್ಚುಕಡಿಮೆ ಒಂದು ಬಾಟಲಿ. ಎಳೆಯ ಬಳ್ಳಿಯ ಹಣ್ಣು ಕೆಂಪು ಬಾಂದೋಲ್‌ಗೆ ಸಲ್ಲದು. ಇಷ್ಟೆಲ್ಲ ಆದ ಮೇಲೂ ವೈನ್ 18 ತಿಂಗಳು ಮರದ ಪೀಪಾಯಿಯಲ್ಲಿ ಇರಲೇಬೇಕು. ಸಾಲ ತೀರಿಸಬೇಕಾದ ರೈತನಿಗೆ ಈ ಕೊನೆಯ ನಿಯಮ ಎಷ್ಟು ಭಾರವೆಂಬುದನ್ನು ಬೆಳೆ ಕೈಗೆ ಬಂದೂ ಹಣ ಕಾಣದೆ ಕುಳಿತವರು ಬಲ್ಲರು.

ಈ ಹದಿನೆಂಟು ತಿಂಗಳಲ್ಲಿ ನಡೆಯುವುದೇನು? ಕಪ್ಪು ದ್ರಾಕ್ಷಿಯನ್ನು ಹಿಂಡಿದರೆ ಬರುವ ರಸಕ್ಕೆ ಬಣ್ಣ ಇರುವುದಿಲ್ಲ ಎಂದರೆ ಮೊದಲ ಸಲ ಕೇಳಿದವರು ನಂಬುವುದಿಲ್ಲ. ಬಣ್ಣವಿರುವುದು ಸಿಪ್ಪೆಯಲ್ಲಿ. ಸಿಪ್ಪೆ, ಬೀಜ, ರಸ ಎಲ್ಲವೂ ಒಟ್ಟಿಗೆ ವಾರಗಟ್ಟಲೆ ಹುದುಗುವಾಗ ಬಣ್ಣದ ಜೊತೆಗೇ ಇನ್ನೊಂದು ವಸ್ತು ರಸಕ್ಕೆ ಇಳಿಯುತ್ತದೆ. ವೈನ್ ಬಲ್ಲವರು ಅದನ್ನು ಟ್ಯಾನಿನ್ ಎನ್ನುತ್ತಾರೆ. ನಮಗೆ ಅದಕ್ಕಿಂತ ಒಳ್ಳೆಯ ಮಾತು ಇದೆ, ಒಗರು. ನೇರಳೆ ಹಣ್ಣು ತಿಂದ ಮೇಲೆ ನಾಲಗೆ ದಪ್ಪಗಾದಂತೆ, ಹಸಿ ಅಡಿಕೆ ಅಗಿದಾಗ ಕೆನ್ನೆಯ ಒಳಗೋಡೆ ಬಿಗಿದುಕೊಂಡಂತೆ ಆಗುತ್ತದಲ್ಲ, ಅದೇ. ಮೂರ್ವೆದ್ರ್ ಸಿಪ್ಪೆ ದಪ್ಪವಾದ್ದರಿಂದ ಅದರ ಒಗರೂ ಹೆಚ್ಚು. ಹಡಗಿನಲ್ಲಿ ವೈನನ್ನು ಕೆಡದಂತೆ ಕಾಯುತ್ತಿದ್ದದ್ದು ಈ ಒಗರೇ, ಎಳೆಯದರಲ್ಲಿ ಕುಡಿಯಲು ಬಿಡದಿರುವುದೂ ಇದೇ. ಗಾಳಿಯಾಡದೆ ಮುಚ್ಚಿಟ್ಟರೆ ಈ ತಳಿಯ ವೈನ್ ಉಸಿರುಗಟ್ಟಿದಂತಾಗಿ ಹಟ್ಟಿಯ ವಾಸನೆ ಹಿಡಿಯುತ್ತದೆ. ಆದ್ದರಿಂದ ತಾಂಪಿಯೇ ಮನೆಯವರು ಅದನ್ನು ಫೂದ್ರ್ ಎಂಬ, ಆಳೆತ್ತರಕ್ಕೂ ಮೀರಿದ ಓಕ್ ಮರದ ದೊಡ್ಡ ಪೀಪಾಯಿಗಳಲ್ಲಿ ಇಡುತ್ತಾರೆ. ಸಾವಿರಾರು ಲೀಟರ್ ಹಿಡಿಯುವ ಈ ಪೀಪಾಯಿಗಳು ಮರದ ರುಚಿಯನ್ನು ವೈನಿಗೆ ಹತ್ತಿಸುವುದಿಲ್ಲ. ಮರದ ಸಂದಿನಿಂದ ಅಷ್ಟಷ್ಟೇ ಗಾಳಿಯನ್ನು ಒಳಬಿಟ್ಟು ಒಗರನ್ನು ಮೆತ್ತಗಾಗಿಸುತ್ತವೆ. ಹಾಗೆ ಮಾಗಿದ ಬಾಟಲಿಯನ್ನು ತೆರೆದಾಗ ಮೊದಲು ಏಳುವುದು ಹದ ಮಾಡಿದ ತೊಗಲಿನ ವಾಸನೆ. ತುಸು ಹೊತ್ತು ಬಿಟ್ಟರೆ ಕಪ್ಪು ಕಾಡುಹಣ್ಣು, ಆಮೇಲೆ ಆ ಬೆಟ್ಟಗಳ ಕುರುಚಲು ಗಿಡಗಳ, ಬಿಸಿಲಿಗೆ ಎಣ್ಣೆ ಬಿಟ್ಟ ಸೊಪ್ಪುಗಳ ಘಮ ಬರುತ್ತದೆ. ತೊಗಲಿನ ವ್ಯಾಪಾರಿಯ ಮನೆಯ ವೈನಿಗೆ ತೊಗಲಿನ ವಾಸನೆ ಎಂದು ನಗುವವರು ನಗಲಿ, ಅದು ದ್ರಾಕ್ಷಿಯದೇ ಗುಣ.

ತಾಂಪಿಯೇ ಮನೆಯಲ್ಲಿ ಒಂದೇ ಬಗೆಯ ಕೆಂಪು ವೈನ್ ತಯಾರಾಗುವುದಿಲ್ಲ. ಹಲವು ಹೊಲಗಳ ಹಣ್ಣು ಸೇರಿದ್ದು ಒಂದಾದರೆ, ಒಂದೊಂದೇ ಹೊಲದ ಹೆಸರು ಹೊತ್ತವು ಬೇರೆ. ಲಾ ತೂರ್ತಿನ್ ಎಂಬುದು ಲ ಕಾಸ್ತೆಲೆ ಊರಿನ ಕೆಳಗೆ ತೆರೆದ ಬಿಸಿಲಿಗೆ ಒಡ್ಡಿಕೊಂಡ ಇಳಿಜಾರು. ಅದರ ವೈನ್ ಗಟ್ಟಿ, ಬಿಗಿ. ಅದರ ಕೆಳಗೆ ಗಾಳಿಯ ಮರೆಯಲ್ಲಿರುವ ಚಿಕ್ಕ ತುಂಡು ನೆಲ ಕಬಾಸೂ; ಅಲ್ಲಿ ಬಹುತೇಕ ಮೂರ್ವೆದ್ರ್ ಒಂದೇ. ಎದುರು ಬೆಟ್ಟದಲ್ಲಿರುವ ಲಾ ಮಿಗುವಾದ ಕತೆಯೇ ಬೇರೆ. ಅಲ್ಲಿಗೆ ಸಮೀಪದ ಬೋಸೆ ಬೆಟ್ಟದ ಭಾಗದಲ್ಲಿ ಹಳೆಯ ಬಂಡೆಯ ಪದರ ಹೊಸ ಪದರದ ಮೇಲೆ ಬಂದು ಕುಳಿತಿದೆ. ಭೂಮಿ ಮಗುಚಿದಂತೆ ಕಾಣುವ ಈ ಒಗಟನ್ನು 1887ರಲ್ಲಿ ಭೂವಿಜ್ಞಾನಿ ಮಾರ್ಸೆಲ್ ಬೆರ್ತ್ರಾಂ ಬಿಡಿಸಿದರು. ಅಂಥ ಕಲಸುಮೇಲೋಗರದ ನೆಲದಲ್ಲಿ ಬೆಳೆದ ಲಾ ಮಿಗುವಾದಲ್ಲಿ ಬೇರೆ ತಳಿಗಳ ಪಾಲೂ ಹೆಚ್ಚು, ಕಾಡಿನ ಘಮವೂ ಹೆಚ್ಚು. ನೆಲ ಮತ್ತು ಹವೆಯ ಗುಣವೇ ವೈನಿನ ರುಚಿ ಎನ್ನುವ ಅರ್ಥದಲ್ಲಿ ಫ್ರೆಂಚರು ತೆರ್ವಾರ್ ಎಂಬ ಮಾತನ್ನು ಮಂತ್ರದಂತೆ ಜಪಿಸುವುದು ನನಗೆ ಕೆಲವೊಮ್ಮೆ ಬೇಸರ ತರಿಸುತ್ತದೆ. ಆದರೆ ಒಂದೇ ಮನೆ, ಒಂದೇ ಕೈ, ಒಂದೇ ವರ್ಷ, ಹೊಲ ಮತ್ತು ಅಲ್ಲಿನ ತಳಿಗಳ ಪಾಲು ಮಾತ್ರ ಬೇರೆ ಎಂಬ ಈ ಮೂರು ಬಾಟಲಿಗಳ ಮುಂದೆ ಆ ಮಾತನ್ನು ತಳ್ಳಿಹಾಕುವುದು ಕಷ್ಟ.

ಲೂಸಿಯಾಂ ಮತ್ತು ಲುಲು ದಂಪತಿಗೆ ಏಳು ಮಕ್ಕಳು. ಮುಂದೆ ಜ್ಯಾಂ-ಮರಿ ಎಂಬ ಮಗ ವೈನ್ ತಯಾರಿಕೆಯನ್ನೂ ಫ್ರಾನ್ಸ್ವಾ ಎಂಬ ಮಗ ತೋಟವನ್ನೂ ನೋಡಿಕೊಂಡರು. 1996ರಲ್ಲಿ ಲೂಸಿಯಾಂ ತೀರಿಕೊಂಡರು. 2000ದಲ್ಲಿ ಮನೆತನದವರು ತಯಾರಿಕೆಯ ಹೊಣೆಯನ್ನು ದಾನಿಯೆಲ್ ರಾವಿಯೇ ಎಂಬ ಹೊರಗಿನವರಿಗೆ ಒಪ್ಪಿಸಿದರು. ಒಡೆತನವನ್ನು ಮಾತ್ರ ಕೈಬಿಡಲಿಲ್ಲ. ಮಕ್ಕಳಿಗೆ ಕೆಲಸ ಹಂಚುವುದಕ್ಕಾಗಿಯೇ ನಡೆಯುವ ಮನೆತನದ ಉದ್ಯಮಗಳನ್ನು ಕಂಡವರಿಗೆ ಇದು ಸಣ್ಣ ನಿರ್ಧಾರವೆನಿಸದು.

ಈಗ ಬಾಂದೋಲ್‌ನಲ್ಲಿ ತಯಾರಾಗುವ ವೈನಿನಲ್ಲಿ ಬಹುಪಾಲು ಕೆಂಪು ಅಲ್ಲ, ರೋಸೆ ಎಂಬ ತಿಳಿಗುಲಾಬಿ ಬಣ್ಣದ್ದು. ಸಿಪ್ಪೆಯ ಜೊತೆ ಸ್ವಲ್ಪವೇ ಹೊತ್ತು ಬಿಟ್ಟ ರಸದಿಂದ ಮಾಡುವ ಇದಕ್ಕೆ ಹದಿನೆಂಟು ತಿಂಗಳ ಕಟ್ಟಳೆಯಿಲ್ಲ. ಮುಂದಿನ ಬೇಸಿಗೆಗೆ ಕಡಲತೀರದ ಪ್ರವಾಸಿಗರ ಮೇಜಿಗೆ ಬರುತ್ತದೆ, ಹಣವೂ ಬರುತ್ತದೆ. ತಾಂಪಿಯೇ ಮನೆಯೂ ರೋಸೆ ಮಾಡುತ್ತದೆ, ಚೆನ್ನಾಗಿಯೇ ಮಾಡುತ್ತದೆ. ಪೇರೋ ಮೊದಲು ಬಾಟಲಿಗೆ ತುಂಬಿದ್ದು ಕೂಡ 1943ರ ರೋಸೆಯೇ. ಆದರೂ ಒಗರನ್ನು ಕಾನೂನಾಗಿಸಲು ಒಬ್ಬ ಮನುಷ್ಯ ಇಷ್ಟು ಹೆಣಗಿದ ಸೀಮೆಯಲ್ಲಿ ಒಗರಿಲ್ಲದ ವೈನೇ ಮನೆ ನಡೆಸುತ್ತಿದೆ ಎಂಬುದನ್ನು ಗಮನಿಸದಿರಲಾಗದು.

ಲುಲು ಮಾತ್ರ ಗಂಡನ ನಂತರವೂ ಬಹಳ ವರ್ಷ ಬದುಕಿದರು. ಕಡಲಿನಲ್ಲಿ ಈಜುವುದನ್ನು ಇಳಿವಯಸ್ಸಿನಲ್ಲೂ ಬಿಡದ, ಸೌದೆಯ ಬೆಂಕಿಯ ಮೇಲೆ ಮಾಂಸ ಸುಟ್ಟು ಬಂದವರಿಗೆಲ್ಲ ಬಡಿಸುತ್ತಿದ್ದ ಅವರ ಅಡುಗೆಯ ಬಗ್ಗೆಯೇ ಅಮೆರಿಕದ ಲೇಖಕರೊಬ್ಬರು ಪುಸ್ತಕ ಬರೆದರು. ತಾಂಪಿಯೇ ಬಾಟಲಿ ಅಮೆರಿಕದಲ್ಲಿ ಹೆಸರಾದದ್ದರಲ್ಲಿ ವೈನಿನಷ್ಟೇ ಪಾಲು ಆ ಊಟದ ಮೇಜಿನದೂ ಇದೆ. 2020ರ ಅಕ್ಟೋಬರ್‌ನಲ್ಲಿ, 102 ವರ್ಷದವರಾಗಿದ್ದಾಗ, ಅವರು ನಿಧನರಾದರು. ದ್ರಾಕ್ಷಿ ಕೊಯ್ಲಿನ ಕಾಲ ಆಗಷ್ಟೇ ಮುಗಿದಿತ್ತು. ಆ ವರ್ಷದ ಕೆಂಪು ವೈನ್ ಪೀಪಾಯಿಯಿಂದ ಹೊರಬರಲು, ಅವರ ಗಂಡ ಬರೆಸಿದ ನಿಯಮದ ಪ್ರಕಾರ, ಇನ್ನೂ ಒಂದೂವರೆ ವರ್ಷ ಕಾಯಬೇಕಿತ್ತು.

ನಮಸ್ಕಾರ.