ಯಂತ್ರದ ಪಾರ್ಟಿನ ಡ್ರಾಯಿಂಗ್ ಬದಲಾಯಿಸಿದಿರಿ, ಸರಿ. ಯಾಕೆ ಅಂತ ಬರೆದಿರಾ?

[ಸ್ಕ್ರೀನ್ ಮೇಲೆ: ಕಾರಿನ ಇಗ್ನಿಷನ್ ಸ್ವಿಚ್, ಒಳಗೆ ಪ್ಲಂಜರ್ ಮತ್ತು ಸ್ಪ್ರಿಂಗ್]

ನಮಸ್ಕಾರ. ಅಮೆರಿಕದ ಜನರಲ್ ಮೋಟರ್ಸ್‌ನ ಕೋಬಾಲ್ಟ್ ಕಾರಿನ ಇಗ್ನಿಷನ್ ಸ್ವಿಚ್ ಸಡಿಲವಾಗಿತ್ತು. ಕೀ ಗೊಂಚಲು ಭಾರವಾದರೆ, ಇಲ್ಲ ಮೊಣಕಾಲು ತಗುಲಿದರೆ, ಓಡುತ್ತಿರುವಾಗಲೇ ಕೀ ತಿರುಗಿ ಎಂಜಿನ್ ಆಫ್ ಆಗಬಹುದಿತ್ತು. ಆಮೇಲೆ ಡಿಕ್ಕಿಯಾದರೆ ಏರ್‌ಬ್ಯಾಗ್ ಕೂಡ ಕೈಕೊಡುತ್ತಿತ್ತು.

2006ರಲ್ಲಿ ಒಳಗಿನ ಪ್ಲಂಜರ್, ಅಂದರೆ ಕೀ ತಾನಾಗಿ ತಿರುಗದಂತೆ ಹಿಡಿಯುವ ಪುಟ್ಟ ಕಡ್ಡಿ, ಮತ್ತು ಸ್ಪ್ರಿಂಗ್ ಬದಲಾಯಿಸಲು ಒಪ್ಪಿಗೆ ಸಿಕ್ಕಿತು. ಪಾರ್ಟ್ ನಂಬರ್ ಮಾತ್ರ ಹಳೆಯದೇ ಉಳಿಯಿತು. ಮುಂದೆ ತನಿಖೆಗೆ ಕೂತ ಕಂಪನಿಯದೇ ಎಂಜಿನಿಯರುಗಳಿಗೆ ತಲೆಬುಡ ಸಿಗಲಿಲ್ಲ. ಹಳೇ ಕಾರುಗಳಲ್ಲಿ ತೊಂದರೆ, ಹೊಸದರಲ್ಲಿ ಇಲ್ಲ. ಕಾಗದದ ಮೇಲೆ ಪಾರ್ಟ್ ಒಂದೇ! ಕೊನೆಗೆ ಗುಟ್ಟು ಹೊರಗೆ ತಂದವರು ಅಪಘಾತದಲ್ಲಿ ತೀರಿಕೊಂಡ ಯುವತಿಯೊಬ್ಬಳ ಮನೆಯವರ ಪರ ವಕೀಲರು ನೇಮಿಸಿದ ತಜ್ಞರು. ಎರಡು ಸ್ವಿಚ್ ಬಿಚ್ಚಿ ಅಕ್ಕಪಕ್ಕ ಇಟ್ಟು ನೋಡಿದರು. ಕಾರುಗಳನ್ನು ವಾಪಸ್ ಕರೆಸಿದ್ದು 2014ರಲ್ಲಿ. ಕಂಪನಿಯ ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳು 124.

[ಸ್ಕ್ರೀನ್ ಮೇಲೆ: ಚೆಕ್ ಇನ್ ವಿಂಡೋ, ಕಮೆಂಟ್ ಬಾಕ್ಸ್ ಖಾಲಿ]

ಈಗ ನಮ್ಮ ಕೆಲಸಕ್ಕೆ ಬರೋಣ. ಡ್ರಾಯಿಂಗ್ ಫೈಲುಗಳನ್ನು ಒಂದೇ ಕಡೆ ಕಾಪಾಡುವ ಸಾಲಿಡ್‌ವರ್ಕ್ಸ್ ಪಿಡಿಎಂ ಥರದ ಸಾಫ್ಟ್‌ವೇರ್‌ನಲ್ಲಿ ಫೈಲನ್ನು ತಿದ್ದಲು ಹೊರತೆಗೆದು (ಚೆಕ್ ಔಟ್), ತಿದ್ದಿ, ವಾಪಸ್ ಇಟ್ಟರೆ (ಚೆಕ್ ಇನ್) ಹೊಸ ವರ್ಷನ್ ಆಗುತ್ತದೆ. ಯಾರು, ಯಾವಾಗ ಅನ್ನುವುದನ್ನು ಸಾಫ್ಟ್‌ವೇರೇ ಬರೆದುಕೊಳ್ಳುತ್ತದೆ. ಯಾಕೆ ಅನ್ನುವುದು ಗೊತ್ತಿರುವುದು ತಿದ್ದಿದವರಿಗೆ ಮಾತ್ರ. ಅದಕ್ಕೇ ಕಮೆಂಟ್ ಬಾಕ್ಸ್. ಅಡ್ಮಿನ್ ಅದನ್ನು ಕಡ್ಡಾಯ ಮಾಡಬಹುದು.

ಹಾಗಂತ ಎಲ್ಲ ಕಡೆ ಕಡ್ಡಾಯ ಮಾಡಬೇಡಿ. ದಿನಕ್ಕೆ ಹತ್ತು ಸಲ ಚೆಕ್ ಇನ್ ಮಾಡುವವರನ್ನು ಹತ್ತು ಸಲವೂ ತಡೆದರೆ, ಒಂದು ಚುಕ್ಕಿ ಒತ್ತಿ ಮುಂದೆ ಹೋಗುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಡಿಸೈನ್ ಇನ್ನೂ ನಡೆಯುತ್ತಿರುವಾಗ ಬಿಟ್ಟುಬಿಡಿ. ಅಪ್ರೂವಲ್‌ಗೆ ಕಳಿಸುವಾಗ ಕೇಳಿ. ಒಪ್ಪಿಗೆ ಸಿಕ್ಕಿ ರಿಲೀಸ್ ಆದ ಡ್ರಾಯಿಂಗನ್ನು ಮತ್ತೆ ತಿದ್ದಲು ತೆಗೆಯುವಾಗ ಕೇಳಲೇಬೇಕು. ರಿಜೆಕ್ಟ್ ಮಾಡುವ ಸಾಹೇಬರಿಗೂ ಇದೇ ನಿಯಮ. ಸುಮ್ನೆ ವಾಪಸ್ ಕಳಿಸಿದರೆ ಡ್ರಾಯಿಂಗ್ ಮಾಡಿದವರು ಕಾರಣ ಕೇಳಿಕೊಂಡು ಅಲೆಯಬೇಕು, ಅಲ್ವಾ?

[ಸ್ಕ್ರೀನ್ ಮೇಲೆ: ಎರಡು ಕಮೆಂಟ್, ಒಂದರ ಕೆಳಗೊಂದು]

ಏನು ಬರೆಯಬೇಕು? "ಹೋಲ್ ಸರಿಸಿದೆ" ಅಂದರೆ ಸಾಲದು. ಅದು ಡ್ರಾಯಿಂಗ್ ನೋಡಿದರೇ ಗೊತ್ತಾಗುತ್ತದೆ. "ಅಸೆಂಬ್ಲಿಯಲ್ಲಿ ಸ್ಪ್ಯಾನರ್ ತಿರುಗಿಸಲು ಜಾಗ ಇರಲಿಲ್ಲ, ಬೋಲ್ಟ್ ಹೋಲ್ 3 ಮಿ.ಮೀ. ಹೊರಕ್ಕೆ ಸರಿಸಿದೆ. ಹಳೇ ಸ್ಟಾಕ್ ಬಳಸಬೇಡಿ" ಅಂತ ಬರೆಯಿರಿ. ಎರಡು ವರ್ಷದ ಮೇಲೆ ಮೆಟೀರಿಯಲ್ ಉಳಿಸಲು ಅದೇ ಹೋಲನ್ನು ಒಳಕ್ಕೆ ತರಲು ಹೊರಟ ಹೊಸಬರು ಇದನ್ನು ಓದಿ ಕೈ ಹಿಂದಕ್ಕೆ ತೆಗೆಯುತ್ತಾರೆ.

ಒಂದು ವಿಷಯ ಮಾತ್ರ ಮರೆಯಬೇಡಿ. ಕಮೆಂಟ್ ಬರೆದಾಯಿತಲ್ಲ ಅಂತ ಪಾರ್ಟ್ ನಂಬರ್ ಹಳೆಯದೇ ಇಡಬೇಡಿ. ಹಳೆಯದರ ಜಾಗಕ್ಕೆ ಹೊಸದು, ಹೊಸದರ ಜಾಗಕ್ಕೆ ಹಳೆಯದು ಹಾಕಿದರೆ ನಡೆಯುತ್ತದಾ ನೋಡಿ. ನಡೆಯುವುದಿಲ್ಲ ಅಂದರೆ ಹೊಸ ನಂಬರ್ ಕೊಡಿ. ಕಮೆಂಟ್ ಆಫೀಸಿನ ಸರ್ವರ್‌ನಲ್ಲೇ ಉಳಿಯುತ್ತದೆ. ಗ್ಯಾರೇಜಿನವರಿಗೆ ಕಾಣುವುದು ನಂಬರ್ ಒಂದೇ.